ಎರಡು ಹನಿ ಎಣ್ಣೆ

"ಪುರುಷೋತ್ತಮ, ಸುಮ್ಮನೆ ನಿಂತವನು ಆ ಬೈಕನ್ನಾದರೂ ಆಚೆ ಇಡು ಮಾರಾಯ. ಮಾಷ್ಟ್ರನ್ನು ಮೀಯಿಸ್ಲಿಕ್ಕೆ ಜಾಗ ಬೇಡ್ವಾ?"

ಹೇಳಿದವರು ಲೆಕ್ಕದ ಈಶ್ವರಪ್ರಸಾದ ಮಾಷ್ಟ್ರು. ಬೆಳಗ್ಗಿನಿಂದ ಅಂಗಳದ ನಡುವೆ ಕುರ್ಚಿ ಹಾಕಿ ಕೂತು, ಕೂತಲ್ಲಿಂದಲೇ ಮಾವಿನ ಮರ ಕಡಿಸಿ, ಚಪ್ಪರ ಹಾಕಿಸಿ, ಮೂರು ಸಲ ಚಹಾ ತರಿಸಿ ಕುಡಿದಿದ್ದರು. ಒಂದು ಕಡ್ಡಿಯನ್ನೂ ಕೈಯಲ್ಲಿ ಮುಟ್ಟಿರಲಿಲ್ಲ. ಪುರುಷೋತ್ತಮ ಮನಸ್ಸಿನಲ್ಲೇ ಬೈದುಕೊಂಡು, ತೀರಿಕೊಂಡ ಮಹಾಲಿಂಗ ಮಾಷ್ಟ್ರ ಬೈಕಿನ ಸ್ಟ್ಯಾಂಡ್ ತೆಗೆದ.

ಅಂಗಳ ದಾರಿಯ ಕಡೆಗೆ ತುಸು ಇಳಿಜಾರು. ನಾಲ್ಕು ಹೆಜ್ಜೆ ದೂಡಿದ್ದೇ ತಡ, ಬೈಕು ತಾನಾಗಿ ಉರುಳಿತು. ಅವನು ಮುಂದಿನ ಬ್ರೇಕ್ ಹಿಡಿದ. ಹಿಡಿಕೆ ಬೆರಳಿಗೆ ಸಿಕ್ಕಿತು, ಚಕ್ರ ನಿಲ್ಲಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದ. ಬೈಕು ಅವನನ್ನೂ ಎಳೆದುಕೊಂಡು ಹೋಗಿ ಅಂಗಳದ ಕೊನೆಯ ತೆಂಗಿನ ಮರಕ್ಕೆ ಢಿಕ್ಕಿ ಹೊಡೆದು ನಿಂತಿತು.

"ಅಯ್ಯಯ್ಯೋ! ಹೊಸಂಗಡಿಯ ದೊಡ್ಡ ಮೆಕ್ಯಾನಿಕ್!" ಈಶ್ವರಪ್ರಸಾದ ಮಾಷ್ಟ್ರು ನಕ್ಕರು. ಸಾವಿನ ಮನೆ ಎಂಬುದು ನೆನಪಾಗಿ ಕೆಮ್ಮಿದರು.

ಪುರುಷೋತ್ತಮ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತ. ಚಕ್ರದ ನಡುವಿನ ಬ್ರೇಕ್ ಡ್ರಮ್ಮಿನ ಅಂಚಿಗೆ ಬೆರಳು ಹಚ್ಚಿ ನೋಡಿದ. ಜಿಡ್ಡು. ಮೂಸಿದ. ಹೊಲಿಗೆ ಮಿಷಿನಿನ ಎಣ್ಣೆ. ಎದ್ದು ಹಿಂದಿನ ಬ್ರೇಕನ್ನು ಕಾಲಲ್ಲಿ ಒತ್ತಿ ಹಿಡಿದು ಬೈಕನ್ನು ಹಿಂದಕ್ಕೆ ತಳ್ಳಿದ. ಅದೂ ಬೆಣ್ಣೆಯಲ್ಲಿ ಜಾರಿದ ಹಾಗೆ ತಿರುಗಿತು. ಹೋದ ಆದಿತ್ಯವಾರ, ತನ್ನ ವರ್ಕ್‌ಶಾಪಿನಲ್ಲಿ, ಚಕ್ರವನ್ನು ಉಜ್ಜಿ ನಿಲ್ಲಿಸುವ ಬ್ರೇಕ್ ಶೂಗೆ ಎಣ್ಣೆ ಬಿಡಲು ಈ ಮಹಾಲಿಂಗ ಮಾಷ್ಟ್ರಿಗೆ ಹೇಳಿಕೊಟ್ಟವನು ಅವನೇ. ಗೊತ್ತಿದ್ದೂ ಗೊತ್ತಿದ್ದೂ ಹೇಳಿಕೊಟ್ಟಿದ್ದ.

ಮಾಷ್ಟ್ರು ಬೈಕಿನಿಂದ ಬಿದ್ದು ಸತ್ತದ್ದಲ್ಲ, ಅದೊಂದು ಪುಣ್ಯ. ಶನಿವಾರ ಬೆಳಗ್ಗೆ ಬೈಕಿನ ಕೆಲಸ ಮುಗಿಸಿ, ಸ್ನಾನ ಮಾಡಿ, ಗಂಜಿ ಉಂಡು, ಜಗಲಿಯ ಆರಾಮ ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ಹಾರ್ಟ್ ಎಂದರು ಡಾಕ್ಟರು. ಸುದ್ದಿ ತಿಳಿದಾಗ ಪುರುಷೋತ್ತಮ ಮೊದಲು ಕೇಳಿದ್ದೇ "ಬೈಕಿನಲ್ಲಿದ್ದರಾ?" ಎಂದು. ಇಲ್ಲ ಎಂದ ಮೇಲೆ ಉಸಿರು ಬಿಟ್ಟಿದ್ದ. ಹೇಳಿದ್ದನ್ನು ಮಾಡಿರಲಿಕ್ಕಿಲ್ಲ ಎಂದುಕೊಂಡೇ ಮಾಷ್ಟ್ರ ಊರಾದ ಬಾಯಾರಿಗೆ ಬಂದಿದ್ದ.

ಮಾಡಿದ್ದಾರೆ. ಒಂದಲ್ಲ, ಎರಡೂ ಚಕ್ರಕ್ಕೆ. ಮೂವತ್ತು ವರ್ಷ ಮಕ್ಕಳಿಗೆ ಘರ್ಷಣೆಯ ಪಾಠ ಮಾಡಿದ ಸಯನ್ಸ್ ಮಾಷ್ಟ್ರು ಬ್ರೇಕಿಗೆ ಎಣ್ಣೆ ಹಾಕಿದ್ದಾರೆ! ಹೆದರಿಕೆಯ ಬೆನ್ನಿಗೇ ಒಂದು ಕೆಟ್ಟ ಖುಷಿಯೂ ಗಂಟಲಿಗೆ ಬಂತು. ಇಷ್ಟೇನಾ ನಿಮ್ಮ ಸಯನ್ಸು ಎಂದು ಜಗಲಿಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿದವರನ್ನು ಕೇಳಬೇಕೆನಿಸಿತು.

*

ಇಪ್ಪತ್ತೈದು ವರ್ಷ ಹಿಂದಿನ ಮಾತು. ಒಂಬತ್ತನೇ ಕ್ಲಾಸು. ಮಹಾಲಿಂಗ ಮಾಷ್ಟ್ರ ಮನೆಮಾತು ತುಳು, ಪುರುಷೋತ್ತಮನದ್ದೂ ತುಳುವೇ. ಆದರೆ ಶಾಲೆಯ ಗೇಟು ದಾಟಿದ ಮೇಲೆ ಮಾಷ್ಟ್ರ ಬಾಯಲ್ಲಿ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. ಅದೂ ಅಚ್ಚು ಹಾಕಿದ ಹಾಗಿನ ಕನ್ನಡ.

"ಘರ್ಷಣೆ ಎಂದರೇನು? ಪುರುಷೋತ್ತಮ, ಏಳು."

ಪುರುಷೋತ್ತಮ ಎದ್ದ. ಬೆಳಗ್ಗೆ ಮಾವನ ಸೈಕಲ್ ಶಾಪಿನಲ್ಲಿ ಎರಡು ಚಕ್ರ ಬಿಚ್ಚಿ ಜೋಡಿಸಿ ಬಂದಿದ್ದ. ಉಗುರಿನ ಸಂದಿಯಲ್ಲಿ ಕಪ್ಪು ಇತ್ತು. ಬ್ರೇಕಿನ ರಬ್ಬರು ರಿಮ್ಮನ್ನು ಹಿಡಿದಾಗ ಎಂತಾಗುತ್ತದೆ ಎಂದು ಅವನ ಕೈಗೆ ಗೊತ್ತಿತ್ತು. ಅದರ ಹೆಸರು ಘರ್ಷಣೆ ಎಂದು ಗೊತ್ತಿರಲಿಲ್ಲ. ಬಾಯಿ ತೆರೆದ, ಮುಚ್ಚಿದ.

"ಇವನ ತಲೆಗೆ ಯಾರೋ ಗ್ರೀಸ್ ಹಚ್ಚಿದ್ದಾರೆ ಮಕ್ಕಳೇ. ಏನು ಹಾಕಿದರೂ ಜಾರಿ ಹೋಗುತ್ತದೆ" ಎಂದರು ಮಾಷ್ಟ್ರು. "ಘರ್ಷಣೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೇ ಉದಾಹರಣೆ. ಬರೆದುಕೊಳ್ಳಿ."

ನಲವತ್ತೆರಡು ಮಕ್ಕಳು ಹೊಟ್ಟೆ ಹಿಡಿದು ನಕ್ಕವು. ಕೆಲವರು ನಿಜಕ್ಕೂ ಬರೆದುಕೊಂಡರು. ಅಂದಿನಿಂದ ಅವನ ಹೆಸರು ಗ್ರೀಸ್. ಹುಡುಗಿಯರೂ ಕರೆದರು. ಆ ವರ್ಷ ಫೇಲಾದವನು ಮತ್ತೆ ಶಾಲೆಯ ಕಡೆ ತಲೆಹಾಕಲಿಲ್ಲ. ಮಾಷ್ಟ್ರು ಹೊಡೆದಿದ್ದರೆ ಎಂದೋ ಮರೆಯುತ್ತಿದ್ದ.

*

ಮಾಷ್ಟ್ರು ಐವತ್ತೈದಕ್ಕೆ ರಿಟೈರಾದರು. ಮರುವರ್ಷ ಹೊಸ ಬೈಕು ತೆಗೆದರು. ಅಷ್ಟು ದಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋದವರಿಗೆ ಆ ಪ್ರಾಯದಲ್ಲಿ ಇದೆಂಥ ಮರುಳು ಎಂದು ಊರು ನಕ್ಕಿತು. ಲೈಸನ್ಸ್ ಸಿಕ್ಕಿದ ಮಾರನೇ ಆದಿತ್ಯವಾರ, ಹೆಲ್ಮೆಟ್ಟಿನ ಪಟ್ಟಿಯನ್ನು ಗಂಟಲು ಕಟ್ಟುವಷ್ಟು ಬಿಗಿದುಕೊಂಡು, ಹೊಸಂಗಡಿಯ ವರ್ಕ್‌ಶಾಪಿನ ಮುಂದೆ ಬಂದು ನಿಂತರು.

"ಓಡಿಸಲು ಕಲಿತೆ. ನೋಡಿಕೊಳ್ಳಲು ಕಲಿಯಬೇಕು. ಕಲಿಸುತ್ತೀಯಾ?"

ಪುರುಷೋತ್ತಮ ಸ್ಪ್ಯಾನರ್ ಹಿಡಿದೇ ಅವರ ಮುಖ ನೋಡಿದ. ಇವರಿಗೆ ನೆನಪುಂಟು, ಅದಕ್ಕೇ ಹುಡುಕಿಕೊಂಡು ಬಂದಿದ್ದಾರೆ ಎಂದು ಒಂದು ಗಳಿಗೆ ಅನಿಸಿತು.

"ನಾನು ನಿಮ್ಮ ಸ್ಟೂಡೆಂಟ್ ಮಾಷ್ಟ್ರೇ" ಎಂದ.

"ಹೌದಾ? ಯಾವ ಬ್ಯಾಚು?"

ಅಷ್ಟೇ. ಇವನು ಇಪ್ಪತ್ತೈದು ವರ್ಷ ಎದೆಯ ಮೇಲೆ ಹೊತ್ತದ್ದು ಅವರಿಗೆ ಒಂದು ಪೀರಿಯಡ್ಡಿನ ತಮಾಷೆ, ಬೆಲ್ ಹೊಡೆದ ಮೇಲೆ ಮುಗಿಯಿತು. ಒಪ್ಪಿಕೊಂಡ. ಮನುಷ್ಯನನ್ನು ಮಣ್ಣಿನಲ್ಲಿ ಕೂರಿಸಿ, ಕೈ ಕಪ್ಪು ಮಾಡಿಸಿ ನೋಡಬೇಕೆಂಬ ಆಸೆಯಿಂದಲೇ ಒಪ್ಪಿಕೊಂಡ.

ಮೊದಲ ವಾರವೇ ಎಂಜಿನ್ ಆಯಿಲ್ ನೋಡಲು ಹೇಳಿದ. ಮಾಷ್ಟ್ರು ಬೈಕನ್ನು ಸೈಡ್ ಸ್ಟ್ಯಾಂಡಿನಲ್ಲೇ ಓರೆಯಾಗಿ ನಿಲ್ಲಿಸಿ ಆಯಿಲ್ ಅಳೆಯುವ ಕಡ್ಡಿ ಹೊರಗೆಳೆದರು.

"ಓರೆಯಾಗಿ ಹಿಡಿದ ಲೋಟದಲ್ಲಿ ಚಹಾ ಎಷ್ಟುಂಟು ಅಂತ ಗೊತ್ತಾಗ್ತದಾ ಮಾಷ್ಟ್ರೇ? ಸೆಂಟರ್ ಸ್ಟ್ಯಾಂಡ್ ಹಾಕಿ. ಎಷ್ಟು ಓದಿ ಎಂತ ಪ್ರಯೋಜನ!"

ಕಾದು ಕೂತ ಗಿರಾಕಿಗಳು ನಕ್ಕರು. ಮಾಷ್ಟ್ರೂ ನಕ್ಕರು. ಅದು ಪುರುಷೋತ್ತಮನಿಗೆ ಸರಿ ಬರಲಿಲ್ಲ. ಚೈನನ್ನು ಬೆರಳಲ್ಲಿ ಎತ್ತಿ ಎಷ್ಟು ಸಡಿಲ ಇರಬೇಕೆಂದು ತೋರಿಸಿದ. ಪ್ಲಗ್ ಬಿಚ್ಚಿ ಉಜ್ಜಿಸಿದ. ಏರ್ ಫಿಲ್ಟರ್ ಕುಟ್ಟಿಸಿ ಧೂಳು ಕುಡಿಸಿದ. ಚಕ್ರ ಬಿಚ್ಚಿಸಿ, ಜೋಡಿಸಲು ಹೇಳಿ, ಮತ್ತೆ ಬಿಚ್ಚಿಸಿದ. "ನಿಮಗೆ ಇದೆಲ್ಲ ಹೇಳಿದ್ದಲ್ಲ", "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನನ್ನ ಕತೆ" ಎಂದು ವಾರ ವಾರ ಚುಚ್ಚಿದ. ಮಾಷ್ಟ್ರು ಎಲ್ಲದಕ್ಕೂ ತಲೆಯಾಡಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಯಾಕೆ?" ಚೈನು ಯಾಕೆ ಸಡಿಲ ಇರಬೇಕು? ಪ್ಲಗ್ ಯಾಕೆ ಕಪ್ಪಾಗುತ್ತದೆ? ಪುರುಷೋತ್ತಮನ ಕೈಗೆ ಉತ್ತರ ಗೊತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಆಗೆಲ್ಲ ಒಂಬತ್ತನೇ ಕ್ಲಾಸಿನ ಬೆಂಚು ಕಾಲಡಿಗೆ ಬಂದು ನಿಲ್ಲುತ್ತಿತ್ತು.

ಹೋದ ಆದಿತ್ಯವಾರ ಐದಾರು ಮಂದಿ ಗಿರಾಕಿಗಳಿದ್ದರು. ಬಿಸಿಲಿಗೆ ಟಯರಿನ ಗಾಳಿ ಕಡಿಮೆಯಾಗುತ್ತದೆ ಎಂದೇನೋ ಪುರುಷೋತ್ತಮ ಬಾಯಿಗೆ ಬಂದದ್ದನ್ನು ಹೇಳಿದ. ಮಾಷ್ಟ್ರು ಕೆಲಸ ಮಾಡುತ್ತಿದ್ದಲ್ಲಿಂದಲೇ, ತಲೆ ಎತ್ತದೆ, ಹಳೆಯ ದನಿಯಲ್ಲಿ ಹೇಳಿದರು: "ತಪ್ಪು. ಯೋಚಿಸಿ ಪುನಃ ಹೇಳು."

ಗಿರಾಕಿಗಳು ಘೊಳ್ಳೆಂದರು. ಪುರುಷೋತ್ತಮನ ಕಿವಿ ಬಿಸಿಯಾಯಿತು. ಸ್ವಲ್ಪ ಹೊತ್ತಿನ ಬಳಿಕ ಮಾಷ್ಟ್ರು, ಬ್ರೇಕ್ ಹಿಡಿದರೆ ಕೀರಲು ಶಬ್ದ ಬರುತ್ತದೆ, ಏನು ಮಾಡಲಿ ಎಂದು ಕೇಳಿದರು.

"ಶೂಗೆ ಎರಡು ಹನಿ ಎಣ್ಣೆ ಬಿಡಿ ಮಾಷ್ಟ್ರೇ. ಮುಂದಿನದ್ದಕ್ಕೂ ಹಿಂದಿನದ್ದಕ್ಕೂ."

ಶೂ ತಿರುಗುವ ಕೀಲಿಗೆ ಒಂದು ಚೂರು ಗ್ರೀಸ್ ಹಚ್ಚಬೇಕು, ಶೂಗೆ ಮಾತ್ರ ಎಣ್ಣೆಯ ಗಾಳಿಯೂ ತಾಗಬಾರದು. ಹೊಸದಾಗಿ ಕೆಲಸಕ್ಕೆ ಸೇರಿದವನಿಗೂ ಮೊದಲ ದಿನ ಹೇಳುವ ಮಾತು ಇದು. ಮಾಷ್ಟ್ರು ಅವನ ಮುಖವನ್ನೇ ನೋಡಿದರು. "ಶೂಗಾ?" ಎಂದರು. "ಹೌದು, ಶೂಗೆ" ಎಂದ ಪುರುಷೋತ್ತಮ. ಈಗ ಗೊತ್ತಾಗುತ್ತದೆ, ಬೈಯುತ್ತಾರೆ, ಆಗ ತಮಾಷೆಗೆ ಹೇಳಿದ್ದು ಎಂದರಾಯಿತು ಎಂದು ಕಾದ. ಮಾಷ್ಟ್ರು ತಲೆಯಾಡಿಸಿ ಹೆಲ್ಮೆಟ್ ಹಾಕಿಕೊಂಡು ಹೋದರು. ಹಿಂದಿನಿಂದ ಕೂಗಿ ಕರೆಯಲು ಎಷ್ಟು ಹೊತ್ತು ಬೇಕಿತ್ತು? ಪುರುಷೋತ್ತಮ ಕರೆಯಲಿಲ್ಲ, ಚಹಾ ಕುಡಿದ.

*

ಈಗ ಚಪ್ಪರದಡಿಯಲ್ಲಿ ಹೊಗಳಿಕೆ ಜೋರಾಗಿ ನಡೆದಿತ್ತು. ಸತ್ತ ಎಮ್ಮೆಗೆ ಸೇರು ಹಾಲು ಹೆಚ್ಚು.

"ಎಂಥ ಜ್ಞಾನ ಮಾರಾಯ್ರೆ! ನಡೆದಾಡುವ ಪುಸ್ತಕ" ಎಂದರು ಈಶ್ವರಪ್ರಸಾದ ಮಾಷ್ಟ್ರು. ಇದೇ ಬಾಯಿ ಹೋದ ತಿಂಗಳು ಹೊಸಂಗಡಿಯ ಹೋಟೆಲಿನಲ್ಲಿ 'ಆ ಪುಸ್ತಕದ ಬದನೆಕಾಯಿ' ಎಂದದ್ದನ್ನು ಪುರುಷೋತ್ತಮ ಕೇಳಿದ್ದ. ಥೂ ನಿಮ್ಮ ಜನ್ಮಕ್ಕೆ ಎಂದುಕೊಂಡ. ತನ್ನ ಜನ್ಮದ ಕಡೆ ನೋಡಲು ಹೋಗಲಿಲ್ಲ.

ಜಗಲಿಯ ಕಂಬಕ್ಕೆ ಒರಗಿದ್ದ ಮೋಹಿನಕ್ಕ, ಮಾಷ್ಟ್ರ ಹೆಂಡತಿ, ಕೈಸನ್ನೆ ಮಾಡಿ ಕರೆದರು. ಅತ್ತು ಅತ್ತು ದನಿ ಒಡೆದಿತ್ತು.

"ಇವತ್ತು ಆದಿತ್ಯವಾರ ಅಲ್ವಾ ಪುರುಷೋತ್ತಮ. ಅವರು ಬರಬೇಕಿತ್ತು, ನೀನು ಬರುವ ಹಾಗಾಯ್ತು."

"ಎಂತ ಮಾಡುದು ಮೋಹಿನಕ್ಕ. ನಮ್ಮ ಕೈಯಲ್ಲಿ ಎಂತ ಉಂಟು."

"ನಿನ್ನೆ ಬೆಳಗ್ಗೆಯೂ ಅದರದ್ದೇ ಕೆಲಸ. ನನ್ನ ಹೊಲಿಗೆ ಮಿಷಿನಿನ ಎಣ್ಣೆ ಕುಪ್ಪಿ ಕೊಂಡುಹೋದ್ರು. ಬ್ರೇಕಿಗೆ ಎಣ್ಣೆ ಅಂದ್ರು. ಅಲ್ಲ, ನಾನು ಒಂದು ಬ್ಲೌಸ್ ಹೊಲಿಯುವವಳು, ನನಗೇ ಅದು ಸರಿ ಕಾಣಲಿಲ್ಲ. ಎಣ್ಣೆ ಹಾಕಿದ್ರೆ ಜಾರುದಿಲ್ವಾ ಅಂತ ಕೇಳಿದೆ."

"ಅದಕ್ಕೆ ಎಂತ ಹೇಳಿದ್ರು?"

"'ನಾನು ಕಲಿಸಿದ ಪಾಠದ ಪ್ರಕಾರ ಜಾರಬೇಕು ಮೋಹಿನಿ. ಆದ್ರೆ ನಾನು ಓದಿದವ, ಅವ ಬಿಚ್ಚಿದವ. ಇಪ್ಪತ್ತು ವರ್ಷ ಕೈಯಲ್ಲಿ ಮಾಡಿದವನಿಗೆ ಗೊತ್ತಿರುದು ಪುಸ್ತಕದಲ್ಲಿ ಇರುದಿಲ್ಲ. ಅವ ಹೇಳಿದ ಹಾಗೇ ಮಾಡ್ತೇನೆ, ಯಾಕೆ ಅಂತ ನಾಳೆ ಹೋಗಿ ಕೇಳ್ತೇನೆ' ಅಂದ್ರು." ಅವರು ಸೆರಗಿನಲ್ಲಿ ಮೂಗು ಒರೆಸಿದರು. "ನಿನ್ನ ಮೇಲೆ ಅಷ್ಟು ಭರವಸೆ ಅವರಿಗೆ."

ಪುರುಷೋತ್ತಮನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮೂರ್ಖನನ್ನು ಬೀಳಿಸಲು ಗುಂಡಿ ತೋಡಿದ್ದ. ಬಂದವರು ಗುಂಡಿ ಉಂಟೆಂದು ಕಂಡೂ, ತೋಡಿದವನ ಮೇಲಿನ ಗೌರವಕ್ಕೆ ಕಾಲಿಟ್ಟಿದ್ದರು. ಎಂಥ ನೀಚ ಕೆಲಸ ಮಾಡಿದೆ ಎಂದು ಮೊದಲ ಸಲ ಅನಿಸಿತು. ಆದರೂ ಬುದ್ಧಿ ಸುಮ್ಮನಿರುತ್ತದೆಯೇ? ನಾಳೆ ಬಂದು, ಸರ್ವಿಸ್ ಮಾಡಿ ಕೊಡುತ್ತೇನೆ ಎಂದು ಬೈಕು ಕೊಂಡುಹೋಗಿ, ಶೂ ಬದಲಿಸಿ ತಂದಿಟ್ಟರೆ ನರಪಿಳ್ಳೆಗೂ ತಿಳಿಯದು ಎಂದು ಲೆಕ್ಕ ಹಾಕಿತು.

ಅಷ್ಟರಲ್ಲಿ ಮಾಷ್ಟ್ರ ಅಳಿಯ ಧನರಾಜ್ ಫೋನ್ ಹಿಡಿದು ಜಗಲಿಯಿಂದ ಇಳಿದ. ಮಂಗಳೂರಿನ ಚಿನ್ನದಂಗಡಿಯಲ್ಲಿ ಸೇಲ್ಸಿನವನು, ಸಾವಿನ ಮನೆಯಲ್ಲೂ ಕೂದಲು ಬಾಚಿಕೊಂಡಿದ್ದ.

"ಕಿನ್ನಿ ದೊಡ್ಡಮ್ಮ ಬಸ್ಸಿನಿಂದ ಇಳಿದಿದ್ದಾರಂತೆ, ಕೆಳಗೆ ಮಾರ್ಗದಲ್ಲಿ. ಗುಡ್ಡ ಹತ್ತಲಿಕ್ಕಾಗುದಿಲ್ಲ ಅಂತ ಕೂತಿದ್ದಾರಂತೆ." ಕಿನ್ನಿ ಎಂದರೆ ಮಾಷ್ಟ್ರ ಅಕ್ಕ, ಕುಂಬ್ಡಾಜೆಯವರು, ಎಪ್ಪತ್ತು ದಾಟಿದವರು. ಅವರು ಬಂದು ಬಾಯಿಗೆ ತುಳಸಿ ನೀರು ಬಿಡದೆ ಹೆಣ ಎತ್ತುವ ಹಾಗಿರಲಿಲ್ಲ.

"ಜೀಪು ಉಪ್ಪಳಕ್ಕೆ ಹೋಗಿದೆಯಲ್ಲ" ಎಂದರು ಈಶ್ವರಪ್ರಸಾದ ಮಾಷ್ಟ್ರು, ಕುರ್ಚಿಯಲ್ಲೇ.

"ಮಾವನ ಬೈಕಿರುವಾಗ ಜೀಪು ಎಂತಕ್ಕೆ? ಐದು ನಿಮಿಷ."

ಬೀಗದಕೈ ಆಗಲೇ ಅವನ ಕಿಸೆಯಲ್ಲಿತ್ತು. ಮಾವನ ಮೈ ತಣ್ಣಗಾಗುವ ಮೊದಲೇ ತೆಗೆದಿಟ್ಟುಕೊಂಡಿರಬೇಕು. ಅವನು ಬೈಕಿನ ಮೇಲೆ ಕೂತು ದಾರಿಯ ಕಡೆ ತಿರುಗಿಸಿದ. ಮನೆಯಿಂದ ಮಾರ್ಗಕ್ಕೆ ಒಂದು ಫರ್ಲಾಂಗು ಕಾಂಕ್ರೀಟ್ ಇಳಿಜಾರು, ಗೋಡೆಯ ಹಾಗೆ ನೇರ. ಕೊನೆಯಲ್ಲಿ ತಿರುವೂ ಇಲ್ಲ, ಸೀದಾ ಬಸ್ಸು ಓಡುವ ಡಾಮರು ಮಾರ್ಗ.

ಪುರುಷೋತ್ತಮ ಓಡಿಹೋಗಿ ಹ್ಯಾಂಡಲ್ ಹಿಡಿದ. "ಇಳಿ. ಬ್ರೇಕ್ ಇಲ್ಲ."

"ಇಲ್ಲ ಅಂದ್ರೆ? ಹೊಸ ಬೈಕು!"

"ಇಲ್ಲ ಅಂದ್ರೆ ಇಲ್ಲ. ಎರಡೂ ಇಲ್ಲ. ಶೂಗೆ ಎಣ್ಣೆ ಬಿದ್ದಿದೆ."

ಈಶ್ವರಪ್ರಸಾದ ಮಾಷ್ಟ್ರು ತೊಡೆ ತಟ್ಟಿಕೊಂಡರು. "ಬ್ರೇಕಿಗೆ ಎಣ್ಣೆ? ಅಯ್ಯೋ ದೇವರೇ! ನಮ್ಮ ಮಹಾಲಿಂಗನದ್ದೇ ಕೆಲಸ ಅದು, ಇನ್ಯಾರದ್ದು! ಘರ್ಷಣೆ ಘರ್ಷಣೆ ಅಂತ ಊರಿಗೆಲ್ಲ ಪಾಠ ಮಾಡಿದವ!"

ಒಬ್ಬರ ಬಾಯಿಂದ ಹೊರಟ ನಗೆ ಇನ್ನೊಬ್ಬರಿಗೆ ಹಬ್ಬಿತು. ಬಾಯಿಗೆ ಶಾಲು ಅಡ್ಡ ಹಿಡಿದು ನಕ್ಕರು, ತಲೆ ತಗ್ಗಿಸಿ ನಕ್ಕರು. ಚಪ್ಪರದಡಿಯಲ್ಲಿ ಪುರುಷೋತ್ತಮನ ಜೊತೆ ಕ್ಲಾಸಿನಲ್ಲಿದ್ದವರೇ ಏಳೆಂಟು ಮಂದಿ ಇದ್ದರು. ಇವನು ಬಾಯಿ ಮುಚ್ಚಿಕೊಂಡು ನಿಂತರೆ ಸಾಕಿತ್ತು. ಇನ್ನು ಈ ಊರು ಇರುವಷ್ಟು ಕಾಲ ಬ್ರೇಕಿಗೆ ಎಣ್ಣೆ ಹಾಕಿದ ಸಯನ್ಸ್ ಮಾಷ್ಟ್ರು ಎಂದೇ ಮಹಾಲಿಂಗ ಮಾಷ್ಟ್ರ ಹೆಸರು ಉಳಿಯುತ್ತಿತ್ತು. ಇಪ್ಪತ್ತೈದು ವರ್ಷ ಬಯಸಿದ್ದು ಕೇಳದೆಯೇ ಕೈಗೆ ಬಂದಿತ್ತು.

ಮೋಹಿನಕ್ಕ ನಗುವವರನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದರು.

"ನಗಬೇಡಿ" ಎಂದ ಪುರುಷೋತ್ತಮ. ದನಿ ಅವನದ್ದೇ ಎನಿಸಲಿಲ್ಲ. "ಅವರಿಗೆ ಗೊತ್ತಿತ್ತು. ನಾನು ಹಾಕ್ಲಿಕ್ಕೆ ಹೇಳಿದ್ದು. ಸುಳ್ಳು ಅಂತ ಗೊತ್ತಿದ್ದೇ ಹೇಳಿದ್ದು."

ನಗೆ ನಿಂತಿತು. ಧನರಾಜ್ ಬೈಕಿನಿಂದ ಇಳಿದು ಅವನ ಅಂಗಿಯ ಕಾಲರಿಗೆ ಕೈ ಹಾಕಿದ. "ಮಾವ ಹತ್ತಿ ಹೊರಟಿದ್ರೆ? ಹ್ಞಾಂ? ಇಳಿಜಾರಿನಲ್ಲಿ ಹೊರಟಿದ್ರೆ ಎಂತ ಆಗ್ತಿತ್ತು, ನಾಯಿ?"

ಪುರುಷೋತ್ತಮ ಬಿಡಿಸಿಕೊಳ್ಳಲಿಲ್ಲ. ಹೊಡೆದರೆ ಹೊಡೆಯಲಿ ಎಂದು ನಿಂತ. ಮೋಹಿನಕ್ಕ ಕಂಬ ಬಿಟ್ಟು ಅಂಗಳಕ್ಕಿಳಿದು ಬಂದರು.

"ಯಾಕೆ ಪುರುಷೋತ್ತಮ?"

ಹೇಳಲು ಹೊರಟ. ಒಂಬತ್ತನೇ ಕ್ಲಾಸು, ಗ್ರೀಸು, ನಲವತ್ತೆರಡು ಮಕ್ಕಳು. ನಾಲಿಗೆಯ ತುದಿಗೆ ಬಂದದ್ದು ಎಷ್ಟು ಸಣ್ಣದಾಗಿ ಕಂಡಿತೆಂದರೆ, ಬಾಯಿ ತೆರೆದವನು ಹಾಗೆಯೇ ಮುಚ್ಚಿದ.

"ಬಿಡು ಧನರಾಜ, ಅವನನ್ನು" ಎಂದರು ಮೋಹಿನಕ್ಕ, ಮುಖ ತಿರುಗಿಸಿ. "ಅತ್ತಿಗೆ ಬಿಸಿಲಿನಲ್ಲಿ ಕೂತಿದ್ದಾರೆ. ಯಾರಾದ್ರೂ ಹೋಗಿ."

ಯಾರೂ ಕೂತಲ್ಲಿಂದ ಹಂದುವ ಮೊದಲೇ ಪುರುಷೋತ್ತಮ ಇಳಿಜಾರು ಇಳಿಯತೊಡಗಿದ. ಅವನ ಸ್ವಂತ ಬೈಕು ಕೆಳಗೆ ಮಾರ್ಗದ ಬದಿಯಲ್ಲಿತ್ತು. ಕಿನ್ನಿಯಕ್ಕ ಅಲ್ಲೇ ಒಂದು ಮುರಕಲ್ಲಿನ ಮೇಲೆ ಕೂತು ಹೋಗಿ ಬರುವವರಿಗೆಲ್ಲ ಬೈಯುತ್ತಿದ್ದರು.

"ಕೂತುಕೊಳ್ಳಿ ಅಕ್ಕ, ಮೆಲ್ಲ ಕೊಂಡುಹೋಗ್ತೇನೆ" ಎಂದು ಬೈಕು ತಂದು ನಿಲ್ಲಿಸಿದ.

"ನಿನ್ನ ತಲೆ! ಈ ಬೈಕೆಂಬ ಪಿಶಾಚಿಯೇ ನನ್ನ ತಮ್ಮನನ್ನು ತಿಂದದ್ದು. ಇದರ ಮೇಲೆ ನಾನು ಕೂರುದಾ? ಆಚೆ ತೆಗಿ."

ಬೈಕು ತಿಂದದ್ದಲ್ಲ ಎಂದು ಹೇಳಲು ಹೋಗಲಿಲ್ಲ ಅವನು. ಬೆನ್ನು ತಿರುಗಿಸಿ ಕೂತ. ಮುದುಕಿ ಒಂದಷ್ಟು ಗೊಣಗಿ, ಕುತ್ತಿಗೆಗೆ ಕೈ ಹಾಕಿ ಬೆನ್ನೇರಿತು. ಎಲುಬೇ ಆದರೂ ಭಾರವಿತ್ತು. ಕಾಂಕ್ರೀಟ್ ಕಾದಿತ್ತು. ನಾಲ್ಕು ಕಡೆ ನಿಂತು ಉಸಿರು ತೆಗೆದ. ಪ್ರತಿ ಸಲವೂ "ಇಷ್ಟೇನಾ ನಿನ್ನ ತ್ರಾಣ?" ಎಂದು ಹಿಂದಿನಿಂದ ಬೈಗುಳ ಬಿತ್ತು.

ಅಂಗಳ ಮುಟ್ಟುವಾಗ ಮಾಷ್ಟ್ರನ್ನು ಮೀಯಿಸಿ, ಬಾಳೆಲೆಯ ಮೇಲೆ ಮಲಗಿಸಿ ಆಗಿತ್ತು. ನೀರು ಬಿಡಲು ನಿಂತವರ ಸಾಲು ಇವನನ್ನು ಕಂಡು ಎರಡು ಭಾಗವಾಗಿ ಸರಿಯಿತು. ಆ ಸಾಲಿನಲ್ಲಿ ನಿಲ್ಲುವ ಮುಖ ತನಗಿಲ್ಲ ಎಂದು ಅವನಿಗೆ ಗೊತ್ತಿತ್ತು. ಮುದುಕಿಯನ್ನು ಇಳಿಸಿ ಹೋಗಿಬಿಡೋಣ ಎಂದು ಮೊಣಕಾಲು ಮಡಚಿದ.

"ಇಳಿಸಬೇಡ! ಕೆಳಗೆ ಕೂತರೆ ನನಗೆ ಏಳ್ಲಿಕ್ಕಾಗುದಿಲ್ಲ. ಹೀಗೇ ಬಗ್ಗು."

ಮೋಹಿನಕ್ಕ ಒಂದು ಕ್ಷಣ ಪುರುಷೋತ್ತಮನನ್ನು ನೋಡಿದರು. ಆಮೇಲೆ ತುಳಸಿ ಎಲೆಯಿದ್ದ ನೀರಿನ ಗಿಂಡಿಯನ್ನು ಅವನ ಹೆಗಲ ಮೇಲಿಂದ ಚಾಚಿದ ಮುದುಕಿಯ ಕೈಗೆ ಕೊಟ್ಟರು. ಪುರುಷೋತ್ತಮ ಬಗ್ಗಿದ. ಮಾಷ್ಟ್ರ ಮುಖ ಮೊಳ ದೂರದಲ್ಲಿತ್ತು. ಗಿಂಡಿ ನಡುಗಿ ನೀರು ಅವನ ಕಿವಿಯ ಹಿಂದಿನಿಂದ ಕೆನ್ನೆಗಿಳಿದು ಬಾಳೆಲೆಗೆ ಬಿತ್ತು.

"ತಾಗುದಿಲ್ಲ. ಇನ್ನೂ ಬಗ್ಗು" ಎಂದಿತು ಮುದುಕಿ.

ಅವನು ಎರಡೂ ಮೊಣಕಾಲು ನೆಲಕ್ಕೂರಿ, ಅಂಗೈಗಳನ್ನು ಮಣ್ಣಿಗಿಟ್ಟು, ಇನ್ನೂ ಬಗ್ಗಿದ.